ಇಟ್ಟದ್ದು, ಮುಟ್ಟಿದ್ದು

ಕೆಲವು ದಿನಗಳ ಹಿಂದೆ ಅಬ್ಬೆತುಮಕೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಮೊಮ್ಮಗ ಬಂದು, ‘ಅಜ್ಜಾ, ಜಾತ್ರಿ ಫೋಟೊ ಪೋಸ್ಟ್ ಮಾಡೀನಿ’ ಎಂದ. ನಾನು ಹಳೆಯ ಕಾಲದವನು. ಪೋಸ್ಟ್ ಮಾಡಿದ್ದಾನೆಂದರೆ ಲಕೋಟೆಯೊಳಗಿಟ್ಟು, ಅಂಟು ಹಚ್ಚಿ, ಕೆಂಪು ಡಬ್ಬಿಯಲ್ಲಿ ಹಾಕಿ ಬಂದಿರಬೇಕು ಎಂದುಕೊಂಡು, ‘ಯಾರಿಗೆ ಮಾಡೀಯೋ?’ ಎಂದು ಕೇಳಿದೆ. ಅವನು ನಕ್ಕ. ‘ಯಾರಿಗೂ ಇಲ್ಲಜ್ಜಾ, ಸುಮ್ಮ ಪೋಸ್ಟ್ ಮಾಡೀನಿ’ ಎಂದ.

ಯಾರಿಗೂ ಅಲ್ಲದ ಪೋಸ್ಟು ನನಗೆ ಹೊಸದು. ಆದರೆ ಯೋಚಿಸುತ್ತ ಕುಳಿತಾಗ, ಮೊಮ್ಮಗನ ಮಾತಿನಲ್ಲಿ ತಪ್ಪೇನೂ ಇಲ್ಲವೆನಿಸಿತು. ಆ ಶಬ್ದ ತನ್ನ ಬಾಳಿನಲ್ಲಿ ಇಂಥ ತಿರುವುಗಳನ್ನು ಎಷ್ಟೋ ಕಂಡಿದೆ. ಕನ್ನಡವನ್ನಷ್ಟೇ ಬಲ್ಲವರ ಬಾಯಲ್ಲಿಯೂ ಇಂದು ಸಲೀಸಾಗಿ ಓಡಾಡುವ ಈ ಇಂಗ್ಲಿಷ್ ಮಾತಿನ ಹಿನ್ನೆಲೆಯನ್ನೂ, ಅದರ ಜೊತೆಗೆ ನಮ್ಮ ಭಾಗದಲ್ಲಿ ಕಾಗದ ಪತ್ರಗಳಿಗೆ ಸಂಬಂಧಿಸಿದ ಕೆಲವು ಮಾತುಗಳ ಹಿನ್ನೆಲೆಯನ್ನೂ ನಾನಿಂದು ನಿಮ್ಮ ಮುಂದೆ ಇಡಬಯಸುತ್ತೇನೆ. ಶಬ್ದದ ಚರಿತ್ರೆ ಎಂದರೆ ಒಮ್ಮೊಮ್ಮೆ ಮನುಷ್ಯರ ಚರಿತ್ರೆಯೇ ಆಗಿರುತ್ತದೆ. ಅದರಲ್ಲಿ ನಮ್ಮ ಮನೆಯ ಒಂದು ಸಂಗತಿಯೂ ಸೇರಿಕೊಂಡಿದೆ.

ಇಂಗ್ಲಿಷಿನಲ್ಲಿ ಪೋಸ್ಟ್ ಎಂಬುದು ನೋಡಲು ಒಂದು ಶಬ್ದ. ಬುಡ ಕೆದಕಿದರೆ ಒಂದಕ್ಕಿಂತ ಹೆಚ್ಚು. ಲಾಟಿನ್ನಿನಲ್ಲಿ ‘ಪೋಸ್ಟಿಸ್’ ಎಂದರೆ ಬಾಗಿಲ ನಿಲುವು, ಕಂಬ. ದೀಪದ ಕಂಬವೂ ಬೇಲಿಯ ಗೂಟವೂ ಪೋಸ್ಟ್ ಆದದ್ದು ಈ ದಾರಿಯಿಂದ. ಅದೇ ಲಾಟಿನ್ನಿನಲ್ಲಿ ‘ಇಡು’ ಎಂಬರ್ಥದ ‘ಪೋನೆರೆ’ ಎಂಬ ಇನ್ನೊಂದು ಧಾತು ಇದೆ. ಅದರಿಂದ ಹುಟ್ಟಿದ್ದು ‘ಪೊಸಿಟಾ’, ಅಂದರೆ ಇಟ್ಟದ್ದು, ಇರಿಸಿದ್ದು. ಇಟಲಿಯವರ ಬಾಯಲ್ಲಿ ಅದು ‘ಪೋಸ್ತಾ’ ಆಯಿತು, ಫ್ರೆಂಚರಲ್ಲಿ ‘ಪೋಸ್ತ್’ ಆಯಿತು, ಇಂಗ್ಲಿಷಿಗೆ ಬಂದು ‘ಪೋಸ್ಟ್’ ಆಯಿತು. ನೌಕರಿಯ ಹುದ್ದೆಗೂ ಕಾವಲಿನವನು ನಿಲ್ಲುವ ತಾಣಕ್ಕೂ ಪೋಸ್ಟ್ ಎನ್ನುವುದು ಇದೇ ಧಾತುವಿನ ಮತ್ತೊಂದು ಕವಲು. ಅಂತೂ ನಮಗೆ ಕಾಗದ ತರುವ ಪೋಸ್ಟಿನ ಮೂಲಾರ್ಥ ‘ಇಟ್ಟದ್ದು’ ಎಂದಾಯಿತು.

ಇಟ್ಟದ್ದು ಏನು? ಕಾಗದವೆಂದು ನಾವು ಊಹಿಸುತ್ತೇವೆ. ಹಾಗಲ್ಲ. ಮೊದಲಿಗೆ ಅಲ್ಲಿ ಇಟ್ಟದ್ದು ಮನುಷ್ಯನನ್ನು, ಕುದುರೆಯನ್ನು. ಅರಸನ ಕಾಗದ ಬೇಗನೆ ದೂರ ಹೋಗಬೇಕಾದರೆ ಒಬ್ಬನೇ ಸವಾರ ಸಾಲದು. ದಾರಿಯುದ್ದಕ್ಕೂ ಇಂತಿಷ್ಟು ಹರದಾರಿಗೆ ಒಬ್ಬೊಬ್ಬನನ್ನು ನಿಲ್ಲಿಸಿಡಬೇಕು. ಒಬ್ಬನು ತಂದದ್ದನ್ನು ಇನ್ನೊಬ್ಬನು ತೆಗೆದುಕೊಂಡು ಓಡಬೇಕು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಾಗೆ ನಿಲ್ಲಿಸಿಟ್ಟ ಸವಾರನ ಹೆಸರೇ ಪೋಸ್ಟ್. ಆ ಕಾಲದ ಸರಕಾರಿ ಕಾಗದಗಳ ಹೊರಮೈಮೇಲೆ ‘ಬೇಗ, ಪೋಸ್ಟ್, ಬೇಗ’ ಎಂಬರ್ಥದ ಒಕ್ಕಣೆ ಬರೆಯುತ್ತಿದ್ದರು. ಅದು ಕಾಗದಕ್ಕೆ ಹೇಳಿದ ಮಾತಲ್ಲ, ಒಯ್ಯುವವನಿಗೆ ಹೇಳಿದ್ದು. ಕೆಲವು ಕಾಗದಗಳ ಮೇಲೆ ‘ನಿನ್ನ ಪ್ರಾಣದಾಣೆ’ ಎಂಬ ಎಚ್ಚರಿಕೆಯ ಜೊತೆಗೆ ಒಂದು ಗಲ್ಲುಗಂಬದ ಚಿತ್ರವನ್ನೂ ಬರೆದಿರುತ್ತಿತ್ತು. ಓದುಬಾರದ ಸವಾರನಿಗೂ ಅದರ ಅರ್ಥ ತಿಳಿಯದೆ ಇರುತ್ತಿರಲಿಲ್ಲ. ಗಡಿಬಿಡಿಯ ಕೆಲಸಕ್ಕೆ ಇಂಗ್ಲಿಷರು ಇಂದಿಗೂ ಹೇಳುವ ‘ಪೋಸ್ಟ್-ಹೇಸ್ಟ್’ ಎಂಬ ಮಾತು ಈ ಒಕ್ಕಣೆಯಿಂದ ಬಂದದ್ದು. ಮಾತು ಉಳಿಯಿತು, ಗಲ್ಲುಗಂಬ ಮರೆಯಿತು.

1635ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಅರಮನೆಯ ಈ ವ್ಯವಸ್ಥೆಯನ್ನು ಸಾರ್ವಜನಿಕರಿಗೂ ತೆರೆದ. ಪೋಸ್ಟ್ ಎಂಬ ಮಾತು ಮನುಷ್ಯನಿಂದ ಅವನು ನಿಲ್ಲುವ ಠಾಣೆಗೆ, ಠಾಣೆಯಿಂದ ದಾರಿಗೆ, ದಾರಿಯಿಂದ ಇಲಾಖೆಗೆ, ಇಲಾಖೆಯಿಂದ ಕಾಗದದ ಕಟ್ಟಿಗೆ ಜಾರುತ್ತ ಬಂತು. ಕೊನೆಗೆ ಆ ಮಾತಿನಲ್ಲಿ ಮನುಷ್ಯನಿಗೆ ಎಡೆಯೇ ಉಳಿಯಲಿಲ್ಲ. ಆದ್ದರಿಂದ ಕಾಗದ ಹಂಚುವವನನ್ನು ಹೆಸರಿಸಲು ‘ಮ್ಯಾನ್’ ಎಂಬ ಬಾಲವನ್ನು ಹಚ್ಚಬೇಕಾಯಿತು. ಪೋಸ್ಟ್ ಎಂದರೇ ಮನುಷ್ಯನಾಗಿದ್ದ ಕಾಲವನ್ನು ನೆನೆದರೆ, ‘ಪೋಸ್ಟ್‌ಮ್ಯಾನ್’ ಎಂಬುದು ‘ಮನುಷ್ಯ ಮನುಷ್ಯ’ ಎಂದಂತೆ ಕೇಳಿಸುತ್ತದೆ.

ಇದರ ನೆರೆಯ ‘ಮೇಲ್’ ಎಂಬ ಮಾತಿನಲ್ಲಿ ಮೊದಲಿನಿಂದಲೂ ಮನುಷ್ಯನಿಲ್ಲ. ಹಳೆಯ ಫ್ರೆಂಚಿನಲ್ಲಿ ‘ಮಾಲ್’ ಎಂದರೆ ಚೀಲ. ಕಾಗದ ತುಂಬಿದ ಚೀಲ ಮೇಲ್ ಆಯಿತು, ಚೀಲ ಹೊತ್ತ ಗಾಡಿಯೂ ಮೇಲ್ ಆಯಿತು. ರಾಯಚೂರಿನಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ಕೂಡಿಕೊಂಡದ್ದು 1871ರಲ್ಲಿ. ಅಂದಿನಿಂದ ನಮ್ಮ ಯಾದಗಿರಿ ಆ ಹೆದ್ದಾರಿಯ ಮೇಲಿನ ಊರು. ಆ ದಾರಿಯ ಮದರಾಸ್ ಮೇಲ್ ಗಾಡಿಯನ್ನು ನೋಡಿದ ನಮ್ಮ ಹಿರಿಯರು ಮೇಲ್ ಎಂದರೆ ಜೋರಾಗಿ ಓಡುವ ಗಾಡಿ ಎಂದೇ ತಿಳಿದಿದ್ದರು. ಅದು ಚೀಲದ ಹೆಸರೆಂದು ಹೇಳಿದ್ದರೆ ನಂಬುತ್ತಿರಲಿಲ್ಲ.

ಇನ್ನು ನಮ್ಮ ದೇಶದ ಮಾತುಗಳಿಗೆ ಬರೋಣ. 1333ರಲ್ಲಿ ಸಿಂಧೂ ನದಿಯನ್ನು ತಲಪಿದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತಾ, ಮಹಮ್ಮದ್ ಬಿನ್ ತುಘಲಕನ ಕಾಲದ ಅಂಚೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಕುದುರೆಯ ಅಂಚೆ ಒಂದು, ಕಾಲ್ನಡೆಯ ಅಂಚೆ ಇನ್ನೊಂದು. ಕಾಲ್ನಡೆಯದಕ್ಕೆ ‘ದಾವಾ’ ಎಂದು ಹೆಸರು. ಮೈಲಿಗೆ ಮೂರು ಠಾಣೆಗಳು. ಪ್ರತಿ ಠಾಣೆಯಲ್ಲಿ ನಡುಕಟ್ಟಿಕೊಂಡು ಸಿದ್ಧರಾಗಿ ಕುಳಿತ ಆಳುಗಳು. ಓಡುವವನ ಒಂದು ಕೈಯಲ್ಲಿ ಕಾಗದ. ಇನ್ನೊಂದು ಕೈಯಲ್ಲಿ ಎರಡು ಮೊಳದ ಕೋಲು, ಅದರ ತುದಿಗೆ ತಾಮ್ರದ ಗಂಟೆಗಳು. ಗಂಟೆಯ ಸದ್ದು ಕೇಳಿದೊಡನೆ ಮುಂದಿನವನು ಎದ್ದು ನಿಲ್ಲುತ್ತಾನೆ. ಈ ಕಾಲಾಳು ಕುದುರೆಗಿಂತ ಬೇಗ ಹೋಗುತ್ತಿದ್ದನೆಂದು ಬತೂತಾ ಅಚ್ಚರಿಪಟ್ಟಿದ್ದಾನೆ. ಸುಲ್ತಾನನು ನಮ್ಮ ದಖ್ಖನಿನ ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗೆಯ ನೀರು ನಲವತ್ತು ದಿನಗಳ ದಾರಿಯನ್ನು ದಾಟಿ ಬರುತ್ತಿದ್ದುದೂ ಇದೇ ಕಾಲಾಳುಗಳ ಹೆಗಲ ಮೇಲೆ. ದಾವಾ ಎಂಬ ಮಾತಿನಲ್ಲಿ ‘ಓಡು’ ಎಂಬರ್ಥದ ‘ಧಾವ್’ ಧಾತು ಕೇಳಿಸುತ್ತದೆ. ಆದರೆ ಬತೂತಾನ ಕಾಲಕ್ಕಾಗಲೇ ಅದು ಓಡುವವನ ಹೆಸರಲ್ಲ, ಮೈಲಿಯ ಮೂರನೆಯ ಒಂದು ಪಾಲಿನ ಹೆಸರಾಗಿತ್ತು. ಇಲ್ಲಿಯೂ ಮನುಷ್ಯ ಜಾರಿಹೋದ, ಅಳತೆ ಉಳಿಯಿತು.

ಮುಂದೆ ಬಂದ ‘ಡಾಕ್’ ಎಂಬ ಮಾತಿಗೂ ಸರದಿಯ ಸಾಗಣೆ ಎಂದೇ ಅರ್ಥ. ಕಾಗದವೇ ಆಗಬೇಕೆಂದಿರಲಿಲ್ಲ. ಕಂಪನಿಯ ಸಾಹೇಬನು ಪಲ್ಲಕ್ಕಿಯಲ್ಲಿ ದೂರ ಹೋಗುವಾಗ ಬೋಯಿಗಳನ್ನು ಮುಂಚೆಯೇ ದಾರಿಯುದ್ದಕ್ಕೂ ನಿಲ್ಲಿಸಿಡುವುದಕ್ಕೂ ಡಾಕ್ ಹಾಕಿಸುವುದು ಎನ್ನುತ್ತಿದ್ದರು. ಡಾಕ್ ಬಂಗಲೆ ಎಂಬ ಹೆಸರು ಇಂಥ ಪಯಣದ ಉಳಿಕೆ. ಪಾರಸಿಯಿಂದ ಬಂದ ‘ಹರ್‌ಕಾರಾ’ ಒಂದು ಮಾತ್ರ ನೇರವಾಗಿ ಮನುಷ್ಯನ ಹೆಸರು. ‘ಹರ್’ ಎಂದರೆ ಪ್ರತಿಯೊಂದು, ‘ಕಾರ್’ ಎಂದರೆ ಕೆಲಸ. ಎಲ್ಲ ಕೆಲಸದವನು ಎಂದರ್ಥ. ಅವನು ಕಾಗದ ಒಯ್ಯುವವನು, ಸುದ್ದಿ ತರುವವನು, ಬೇಹುಗಾರನೂ ಹೌದು. ಕನ್ನಡದಲ್ಲಿ ಅವನೇ ಹರಿಕಾರ. ಇಂದು ನಾವು ಹಿರಿಯ ಕವಿಗಳನ್ನು ಹೊಸ ಯುಗದ ಹರಿಕಾರರೆಂದು ಸಭೆಗಳಲ್ಲಿ ಕೊಂಡಾಡುವಾಗ, ಬರಿಗಾಲಿನಲ್ಲಿ ಓಡಿದ ಒಬ್ಬ ಆಳಿನ ಹೆಸರನ್ನೇ ಅವರಿಗೆ ಬಿರುದಾಗಿ ತೊಡಿಸುತ್ತಿದ್ದೇವೆ. ಆ ಆಳಿಗೆ ಅಂಥ ಗೌರವ ಸಂದದ್ದಂತೂ ಕಾಣೆ.

ಕನ್ನಡದ ‘ಅಂಚೆ’ಯ ಮಾತೇ ಬೇರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಅದು ಕಾಗದಕ್ಕಷ್ಟೇ ಮೀಸಲಾಗಿರಲಿಲ್ಲ. ಊರೂರಿನ ಗುಟ್ಟನ್ನು ಅರಮನೆಗೆ ಮುಟ್ಟಿಸುವ ಕಿವಿಯೂ ಆಗಿತ್ತೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಗುವ ತನಕ ಅದು ಎರಡು ಶತಮಾನಗಳಿಗೂ ಮಿಕ್ಕಿ ನಡೆಯಿತು. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ಸಂಸ್ಕೃತದ ಹಂಸವೇ ತದ್ಭವವಾಗಿ ಅಂಚೆಯಾದದ್ದು. ನಳನ ಮಾತನ್ನು ದಮಯಂತಿಗೆ ಒಯ್ದದ್ದು ಹಂಸವಲ್ಲವೆ, ಆದ್ದರಿಂದ ಕಾಗದದ ಅಂಚೆಗೂ ಆ ಹಕ್ಕಿಯೇ ಮೂಲ ಎಂದು ರಸಿಕರು ಹೇಳುವುದುಂಟು. ಕೇಳಲು ಇಂಪಾದ ಮಾತು. ಆದರೆ ನಿಘಂಟಿನಲ್ಲಿ ಎರಡು ಅಂಚೆಗಳೂ ಬೇರೆಬೇರೆಯಾಗಿಯೇ ನಿಂತಿವೆ. ತಮಿಳಿನ ಹಾಗೂ ಮಲೆಯಾಳದ ಅಂಚಲ್ ನಮ್ಮ ಅಂಚೆಗೆ ಹಂಸಕ್ಕಿಂತ ಹತ್ತಿರದ ನೆಂಟ.

ನಮ್ಮ ಕಡೆಗೆ ಅಂಚೆ ಎಂಬ ಮಾತು ಬಂದದ್ದು ಪುಸ್ತಕದಿಂದ, ಆಮೇಲೆ ಇಲಾಖೆಯ ಫಲಕದಿಂದ. ಮನೆಮನೆಯಲ್ಲಿ ಇದ್ದ ಮಾತು ಟಪಾಲು. ಇದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತೆಲುಗಿನ ನಿಘಂಟುಕಾರ ಸಿ. ಪಿ. ಬ್ರೌನ್ ಇದನ್ನು ಫ್ರೆಂಚಿನ ‘ಎತಾಪ್’ ಎಂಬುದರೊಡನೆ ಹೊಂದಿಸಿದ. ಅದಕ್ಕೆ ಪಯಣದ ನಡುವಿನ ತಂಗುದಾಣ ಎಂದರ್ಥ. ಜಾನ್ ಬೀಮ್ಸ್ ಎಂಬಾತ, ಇದು ಮುದ್ರೆಯೊತ್ತುವ ‘ಟಪ್ಪಾ’ದಿಂದ ಬಂದದ್ದು, ಮುದ್ರೆ ಒತ್ತುವ ಮನೆ ಟಪಾಲು ಎಂದ. ಮೂಲ ಯಾವುದೇ ಇರಲಿ. ಒಂದರಲ್ಲಿ ತಂಗುದಾಣವಿದೆ, ಇನ್ನೊಂದರಲ್ಲಿ ಮುದ್ರೆಯಿದೆ. ಎರಡರಲ್ಲಿಯೂ ಓಡುವವನಿಲ್ಲ.

ಈ ಟಪಾಲಿನ ದಾರಿ ನಮ್ಮ ಭಾಗದಲ್ಲಿ ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಸುರಪುರದ ಉದಾಹರಣೆ ಸಾಕು. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ. ಎಳೆಯ ದೊರೆ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1853ರವರೆಗೆ ಅಲ್ಲಿದ್ದ ಟೇಲರ್ ಆ ವರ್ಷಗಳಲ್ಲೆಲ್ಲ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನೂ ಆಗಿದ್ದ. ಗುಡ್ಡದ ಮೇಲಿನ ಅವನ ಬಂಗಲೆಯಾದ ಟೇಲರ್ ಮಂಜಿಲ್ ಇಂದಿಗೂ ಇದೆ. ಅಲ್ಲಿ ಕುಳಿತು ಬರೆದ ಕಾಗದ ಟಪಾಲಿನವರ ಕಾಲಿನಿಂದ ಕಾಲಿಗೆ ದಾಟಿ ಕಡಲತೀರಕ್ಕೆ ಹೋಗಿ, ಹಡಗು ಹತ್ತಿ, ತಿಂಗಳ ಮೇಲೆ ಲಂಡನ್ನನ್ನು ಸೇರಿ, ಅಚ್ಚಾಗಿ ಸಾವಿರಾರು ಜನರ ಕೈಗೆ ಹೋಗುತ್ತಿತ್ತು. ಟೇಲರನ ಹೆಸರನ್ನು ನಾವು ಬಲ್ಲೆವು. ಅವನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಬಂಡೆದ್ದು, ಸೆರೆಸಿಕ್ಕು, 1858ರಲ್ಲಿ ಗುಂಡಿಗೆ ಬಲಿಯಾದ ವೆಂಕಟಪ್ಪ ನಾಯಕನ ಹೆಸರನ್ನೂ ನಮ್ಮ ಜನ ಮರೆತಿಲ್ಲ. ಗುಡ್ಡ ಇಳಿದು ಕಾಗದ ಒಯ್ದವನ ಹೆಸರು ಯಾವ ಪುಸ್ತಕದಲ್ಲಿ ಸಿಕ್ಕೀತು?

ಹೈದರಾಬಾದು ಸಂಸ್ಥಾನ ತನ್ನದೇ ಅಂಚೆಚೀಟಿಯನ್ನು ಹೊರಡಿಸಿದ್ದು 1869ರಲ್ಲಿ. 1931ರಲ್ಲಿ ಅಚ್ಚಾದ ಚಿತ್ರದ ಚೀಟಿಗಳಲ್ಲಿ ಚಾರ್‌ಮಿನಾರ್, ಅಜಂತಾಗಳ ಜೊತೆಗೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾಕ್ಕೂ ಹನ್ನೆರಡು ಆಣೆಯ ಚೀಟಿಯ ಮೇಲೆ ಸ್ಥಾನ ದೊರೆಯಿತು. 1950ರಲ್ಲಿ ಈ ಅಂಚೆಯೂ ಭಾರತದ ಅಂಚೆಯಲ್ಲಿ ಕೂಡಿಕೊಂಡಿತು. ಸಂಸ್ಥಾನದ ಅಂಚೆಯಾಗಲಿ, ಆಮೇಲಿನ ಭಾರತದ ಅಂಚೆಯಾಗಲಿ, ಹಳ್ಳಿಹಳ್ಳಿಗೆ ಕಚೇರಿ ತೆರೆಯಲು ಬಹುಕಾಲ ಹಿಡಿಯಿತು. ದೊಡ್ಡ ಊರಿನ ತನಕ ಇಲಾಖೆಯ ಚೀಲ; ಅಲ್ಲಿಂದ ಆಚೆಗೆ ಎಷ್ಟೋ ಕಡೆ ಊರಿನ ಆಳೇ ಗತಿ.

ಈ ಊರಿನ ಆಳಿಗೆ ನಮ್ಮ ಭಾಗದಲ್ಲಿ ಒಂದು ಹೆಸರಿತ್ತು. ಆ ಹೆಸರಿಗಾಗಿಯೇ ನಾನು ಇಷ್ಟು ದೂರ ಸುತ್ತಿ ಬಂದದ್ದು. ಅದು ವಾಲೀಕಾರ.

ಓಲೆ ಎಂದರೆ ತಾಳೆಯ ಗರಿ. ಗರಿಯ ಮೇಲೆ ಬರೆದದ್ದೂ ಓಲೆ, ಗರಿಯನ್ನು ಸುತ್ತಿ ಕಿವಿಗೆ ತೊಟ್ಟದ್ದೂ ಓಲೆ. ಸಂಸ್ಕೃತದ ಪತ್ರವೂ ಮೊದಲಿಗೆ ಎಲೆಯೇ. ಓಲೆ ನಮ್ಮ ಬಾಯಲ್ಲಿ ವಾಲೆಯಾಯಿತು. ಲಗ್ನದ ವಾಲೆ ಎಂದು ಇಂದಿಗೂ ಅನ್ನುತ್ತೇವೆ. ಓಲೆಯನ್ನು ಒಯ್ಯುವ ಓಲೆಕಾರ ಹೀಗೆ ವಾಲೀಕಾರನಾದ. ಗೌಡರು ಕರೆದಲ್ಲಿಗೆ ಹೋಗುವುದು, ಪಟವಾರಿಯ ದಫ್ತರ ಹೊರುವುದು, ಕಂದಾಯದ ಹಣದ ಜೊತೆಗೆ ತಹಸೀಲಿಗೆ ನಡೆಯುವುದು, ಬಂದ ಅಧಿಕಾರಿಗಳಿಗೆ ಹುಲ್ಲು ಕಟ್ಟಿಗೆ ಒದಗಿಸುವುದು, ಸರಕಾರದ ಕಾಗದವನ್ನು ಮುಂದಿನ ಊರಿಗೆ ಮುಟ್ಟಿಸುವುದು ಇವೆಲ್ಲ ಅವನ ಪಾಲಿನವು. ಕೆಲವು ಊರುಗಳಲ್ಲಿ ತಳವಾರರು, ಕಬ್ಬಲಿಗರು ಈ ಕೆಲಸದಲ್ಲಿದ್ದರು. ಹಲವು ಊರುಗಳಲ್ಲಿ ಊರ ಹೊರಗಿನ ಕೇರಿಯ ಜನರೇ ಇದ್ದರು. ಪ್ರತಿಯಾಗಿ ಎಲ್ಲಿಯೋ ಒಂದಿಷ್ಟು ಇನಾಮು ಹೊಲ, ಸುಗ್ಗಿಯಲ್ಲಿ ಕಣದ ಮೇಲೆ ಒಂದಿಷ್ಟು ಆಯ. ಉಳಿದದ್ದೆಲ್ಲ ಬಿಟ್ಟಿ.

ಯಾರಾದರೂ ತೀರಿಕೊಂಡರೆ ಪರವೂರಿನ ನೆಂಟರಿಗೆ ಸುದ್ದಿ ಮುಟ್ಟಿಸಲು ನಡುರಾತ್ರಿಯಲ್ಲಿ ಹೊರಡುತ್ತಿದ್ದವರೂ ಇವರೇ. ಆಗ ಕೈಯಲ್ಲಿ ಓಲೆ ಇರುತ್ತಿರಲಿಲ್ಲ. ಓಲೆಕಾರನೇ ಓಲೆ.

ಬಿಟ್ಟಿಯ ಮಾತು ಬಂದಿತಾದ್ದರಿಂದ ಒಂದು ಸ್ವಾರಸ್ಯವನ್ನು ಹೇಳಬೇಕು. ಪ್ರಾಚೀನ ಪಾರಸೀಕ ಚಕ್ರವರ್ತಿಗಳ ಅಂಚೆಯ ಸವಾರನನ್ನು ಗ್ರೀಕರು ‘ಅಂಗರೋಸ್’ ಎಂದು ಕರೆದರು. ಈ ಸವಾರರ ವೇಗವನ್ನು ಇತಿಹಾಸಕಾರ ಹೆರೊಡೊಟಸ್ ಬಹಳ ಮೆಚ್ಚಿ ಬರೆದಿದ್ದಾನೆ. ಆದರೆ ಆ ಅಂಚೆಗಾಗಿ ದಾರಿಯ ಹಳ್ಳಿಗರ ಕುದುರೆಯನ್ನೂ ಆಳನ್ನೂ ಕೇಳದೆ ಹಿಡಿದೊಯ್ಯುವ ರೂಢಿ ಬೆಳೆದು, ಅದೇ ಶಬ್ದದಿಂದ ಹುಟ್ಟಿದ ಗ್ರೀಕಿನ ಕ್ರಿಯಾಪದಕ್ಕೆ ‘ಬಿಟ್ಟಿ ಹಿಡಿ’ ಎಂಬ ಅರ್ಥ ಬಂತು. ಲಾಟಿನ್ನಿನ ‘ಅಂಗರಿಯಾ’ ಎಂದರೆ ಬಲವಂತದ ಸೇವೆ. ಅರಮನೆಯಲ್ಲಿ ಕುಳಿತವನಿಗೆ ಯಾವುದು ವೇಗವಾಗಿ ಕಂಡಿತೋ, ದಾರಿಯ ಬದಿಯ ಹಳ್ಳಿಯವನಿಗೆ ಅದು ಬಿಟ್ಟಿಯಾಗಿ ಕಂಡಿತು. ಶಬ್ದಕ್ಕೆ ಎರಡೂ ನೆನಪಿದ್ದವು.

ಇನ್ನು ನಮ್ಮ ಮನೆಯ ಸಂಗತಿ. 1950ರ ದಶಕದ ಕೊನೆಯ ವರ್ಷಗಳು; ನಾನಾಗ ಎಂಟು ಹತ್ತು ವರ್ಷದ ಹುಡುಗ. ನಮ್ಮ ಕಾಕಾ ಸೊಲ್ಲಾಪುರದಲ್ಲಿ ಗಿರಣಿಯ ಕೆಲಸಕ್ಕಿದ್ದರು. ಅವರ ಕಾಗದ ರೈಲಿನಲ್ಲಿ ಯಾದಗಿರಿಗೆ ಬರುವುದು. ಸರಕಾರಿ ಕಾಗದ ತರಲು ಹೋದ ವಾಲೀಕಾರರು ಬರುವಾಗ ಊರವರ ಕಾಗದಗಳನ್ನೂ ರುಮಾಲಿನ ಅಂಚಿನಲ್ಲಿ ಸುತ್ತಿಕೊಂಡು ತರುವುದು ವಾಡಿಕೆ. ಕಟ್ಟೆಯ ಕೆಳಗೆ ನಿಂತು, ‘ಎವ್ವಾ, ಟಪಾಲ ಬಂದದರಿ’ ಎಂದು ಕೂಗುವರು. ನಮ್ಮ ಆಯಿ ಹೊರಗೆ ಬರುವ ಹೊತ್ತಿಗೆ ಕಾಗದವನ್ನು ಕಟ್ಟೆಯ ತುದಿಗಲ್ಲಿನ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿರುವರು. ಕೊಡುತ್ತಿರಲಿಲ್ಲ, ಇಡುತ್ತಿದ್ದರು. ನಾನು ಅದನ್ನು ಎತ್ತಿಕೊಂಡು ಒಡೆದು ಗಟ್ಟಿಯಾಗಿ ಓದುವುದು. ಆಯಿ ಹೊಸ್ತಿಲ ಮೇಲೆ ಕುಳಿತು ಕೇಳುವುದು. ವಾಲೀಕಾರರೂ ದೂರದಿಂದಲೇ ಕೇಳುವರು. ಎಲ್ಲ ಕ್ಷೇಮವೆಂದು ತಿಳಿದ ಮೇಲೆ, ‘ಛಲೋ ಆತರಿ’ ಎನ್ನುವರು. ಆಯಿ ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವುದು. ವಯಸ್ಸಿನಲ್ಲಿ ನಮ್ಮ ಅಜ್ಜನಿಗಿಂತ ಹಿರಿಯರಾದ ಅವರನ್ನು ನಾನು ‘ಏ ವಾಲೀಕಾರ’ ಎಂದು ಏಕವಚನದಲ್ಲಿ ಕರೆಯುತ್ತಿದ್ದೆ. ಅದು ತಪ್ಪೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಅವರು ತೊಯ್ದು ತಪ್ಪಡಿಯಾಗಿ ಬಂದರು. ಕಟ್ಟೆಯ ತುದಿಗಲ್ಲಿನ ಮೇಲೆ ನೀರು ಹರಿಯುತ್ತಿತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ಅವರು ಕಂಬಳಿಯ ಒಳಗಿನಿಂದ ಕಾಗದವನ್ನು ತೆಗೆದು ಹಿಡಿದುಕೊಂಡೇ ನಿಂತರು. ಅಲ್ಲಿಯ ತನಕ ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕಾಕಾ ಜಾತ್ರೆಗೆ ಬರುವ ದಿನವನ್ನು ಬರೆದಿರುತ್ತಾರೆಂದು ನನಗೆ ಆತುರ. ಕಟ್ಟೆಯಿಂದ ಜಿಗಿದು ಅವರ ಕೈಯಿಂದಲೇ ಕಾಗದ ತೆಗೆದುಕೊಳ್ಳಹೋದೆ. ನನ್ನ ಬೆರಳು ತಗಲುವ ಮೊದಲೇ ಅವರು ಬೆಂಕಿ ತಾಗಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಕಾಗದ ಕೆಸರಿನಲ್ಲಿ ಬಿತ್ತು. ಆಯಿ ಬೈದದ್ದು ನನ್ನನ್ನಲ್ಲ, ಅವರನ್ನು. ‘ಒಂದು ಕಾಗದ ಹಿಡಿಯಾಕ ಬರಾಂಗಿಲ್ಲೇನು ನಿನಗ?’ ಎಂದಳು. ಯಾದಗಿರಿಯಿಂದ ಇಲ್ಲಿಯ ತನಕ ಮಳೆಯಲ್ಲಿ ಕಾಗದ ಹಿಡಿದು ತಂದವರು ತಲೆ ತಗ್ಗಿಸಿ, ‘ತಪ್ಪಾತರಿ ಎವ್ವಾ’ ಎಂದರು. ನನ್ನ ತಪ್ಪು ಎಂದು ನಾನು ಹೇಳಲಿಲ್ಲ. ಹೇಳಬಹುದಾಗಿತ್ತು.

ಕೆಸರೊರೆಸಿ ಒಲೆಯ ಬಳಿ ಆರಿಸಿ ಓದಿದೆವು. ಶಾಯಿ ಹರಡಿ ಬರುವ ದಿನದ ಅಂಕಿ ಅಳಿಸಿಹೋಗಿತ್ತು. ಆ ರಾತ್ರಿಯೇ ಆಯಿ ಉತ್ತರ ಹೇಳಿದಳು, ನಾನು ಬರೆದೆ. ಯಾವಾಗಿನ ಒಕ್ಕಣೆ: ಉಭಯ ಕುಶಲೋಪರಿ, ನಿಮ್ಮ ಪತ್ರ ಮುಟ್ಟಿತು.

ಮುಟ್ಟಿತು ಎಂಬ ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕನ್ನಡದಲ್ಲಿ ಕಾಗದ ತಲಪಿತು ಎನ್ನಬಹುದು, ಸೇರಿತು ಎನ್ನಬಹುದು. ಆದರೆ ನಮ್ಮ ಭಾಗದವರು ಹೆಚ್ಚಾಗಿ ಬರೆಯುತ್ತಿದ್ದುದು ಮುಟ್ಟಿತು ಎಂದೇ. ಹಣವೂ ಮುಟ್ಟುತ್ತದೆ, ಸುದ್ದಿಯೂ ಮುಟ್ಟುತ್ತದೆ, ನಾವೂ ಊರು ಮುಟ್ಟುತ್ತೇವೆ. ಇಂಗ್ಲಿಷಿನವರು ‘ಇಟ್ಟದ್ದು’ ಎಂಬಲ್ಲಿಂದ ಆರಂಭಿಸಿದರೆ, ನಾವು ‘ಮುಟ್ಟಿದ್ದು’ ಎಂಬಲ್ಲಿ ಮುಗಿಸುತ್ತೇವೆ. ಒಂದು ಕಾಗದ ಕೈಯಿಂದ ಕೈಗೆ ಹೋಗುವುದಕ್ಕೆ ಇದಕ್ಕಿಂತ ಆತ್ಮೀಯವಾದ ಕ್ರಿಯಾಪದ ಯಾವ ಭಾಷೆಯಲ್ಲಿಯಾದರೂ ಇದ್ದೀತೆ ಎಂದು ನಾನು ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ. ಆದರೆ ಆ ಹೆಮ್ಮೆಯ ಬೆನ್ನಿಗೇ ಆ ಮಳೆಯ ಮಧ್ಯಾಹ್ನವೂ ನೆನಪಾಗುತ್ತದೆ. ಪತ್ರ ಮುಟ್ಟಿತು, ಪತ್ರ ತಂದವನನ್ನು ಮುಟ್ಟುವಂತಿರಲಿಲ್ಲ. ಒಂದೇ ಧಾತುವನ್ನು ಕಾಗದಕ್ಕೆ ಒಂದು ಬಗೆಯಾಗಿ, ಮನುಷ್ಯನಿಗೆ ಇನ್ನೊಂದು ಬಗೆಯಾಗಿ ಬಳಸುತ್ತ ಬಂದವರು ನಾವು. ಇದರಲ್ಲಿ ಭಾಷೆಯ ತಪ್ಪಿಲ್ಲ.

ಆ ಹೊತ್ತಿಗಾಗಲೇ ನಮ್ಮ ಸಂವಿಧಾನ ಜಾರಿಗೆ ಬಂದು ಎಂಟು ಒಂಬತ್ತು ವರ್ಷಗಳಾಗಿದ್ದವು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುತ್ತದೆ. 23ನೆಯ ವಿಧಿ ಬಿಟ್ಟಿಯನ್ನು ನಿಷೇಧಿಸುತ್ತದೆ. ಎರಡನೆಯದರಲ್ಲಿ ಇಂಗ್ಲಿಷ್ ಪಾಠದೊಳಗೇ ‘ಬೇಗಾರ್’ ಎಂಬ ಪಾರಸಿಯ ಮಾತು ಹಾಗೆಯೇ ನಿಂತಿದೆ. ವಾಲೀಕಾರರ ಪಾಲಿಗೆ ಬರೆದಂತಿರುವ ಎರಡು ವಿಧಿಗಳು ಇವು. ದೆಹಲಿಯಲ್ಲಿ ಬರೆದದ್ದು ನಮ್ಮ ಕಟ್ಟೆಗೆ ಇನ್ನೂ ಮುಟ್ಟಿರಲಿಲ್ಲ.

ಇಡುವುದೇ ಬೇರೆ, ಮುಟ್ಟುವುದೇ ಬೇರೆ ಎಂಬುದಕ್ಕೆ ಭೀಮಾ ತೀರದ ಸನ್ನತಿಯಲ್ಲಿ ಇದಕ್ಕಿಂತ ಹಳೆಯ ನಿದರ್ಶನವಿದೆ. ಅಶೋಕ ಚಕ್ರವರ್ತಿ ತನ್ನ ಮಾತನ್ನು ಕಲ್ಲಿನ ಮೇಲೆ ಕೊರೆಯಿಸಿ ಇಲ್ಲಿಯೂ ಇರಿಸಿದ್ದ. ಅದನ್ನು ಗೊತ್ತಾದ ದಿನಗಳಲ್ಲಿ ಜನರಿಗೆ ಓದಿ ಹೇಳಬೇಕು, ಒಬ್ಬನೇ ಇದ್ದರೂ ಓದಿ ಹೇಳಬೇಕು ಎಂಬ ಆಶಯವೂ ಅವನ ಆಜ್ಞೆಯಲ್ಲಿದೆ. ಕಾಲ ಕಳೆದಂತೆ ಓದುವವರು ಇಲ್ಲವಾದರು. ಕಲ್ಲು ದೇವಿಯ ಮೂರ್ತಿಗೆ ಪೀಠವಾಯಿತು. ಗುಡಿಯ ಮೇಲ್ಛಾವಣಿ ಕುಸಿದು ಆ ಬರಹ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ಇಟ್ಟದ್ದು ಇಟ್ಟಲ್ಲಿಯೇ ಇತ್ತು. ನಡುವೆ ಇರಬೇಕಾದ ಮನುಷ್ಯ ಇರಲಿಲ್ಲ.

ಮೊಮ್ಮಗನ ಪೋಸ್ಟಿಗೆ ಮರಳೋಣ. ಅದು ಕುದುರೆಯ ಸವಾರನ ಪೋಸ್ಟಲ್ಲ. ನಾನು ಮೊದಲು ಹೇಳಿದ ಕಂಬದ ಪೋಸ್ಟು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಜಾಹೀರನ್ನು ಕಂಬಕ್ಕೆ ಬಡಿಯುವುದಕ್ಕೆ ಪೋಸ್ಟ್ ಮಾಡುವುದು ಎನ್ನುತ್ತಿದ್ದರು. ಹಾದುಹೋಗುವವರು ನೋಡಿದರೆ ನೋಡಲಿ, ಬಿಟ್ಟರೆ ಬಿಡಲಿ. ಯಾರಿಗೂ ಅಲ್ಲ, ಸುಮ್ಮನೆ ಎಂದು ಹುಡುಗ ಹೇಳಿದ್ದು ಶಬ್ದಶಾಸ್ತ್ರಕ್ಕೆ ಒಪ್ಪುವ ಮಾತೇ ಆಗಿತ್ತು. ಅದನ್ನು ಒಯ್ಯಲು ಯಾರೂ ಮಳೆಯಲ್ಲಿ ನಡೆಯಬೇಕಿಲ್ಲ, ಕಟ್ಟೆಯ ಕೆಳಗೆ ನಿಲ್ಲಬೇಕಿಲ್ಲ. ಅದು ಒಳ್ಳೆಯದೇ ಆಯಿತು. ಆ ಕಾಲ ಮರಳಿ ಬರಲೆಂದು ಹಂಬಲಿಸುವಷ್ಟು ನಾನು ಮರುಳನಲ್ಲ.

ಓಲೆ ಹೋಯಿತು, ಓಲೆಕಾರಿಕೆಯೂ ಹೋಯಿತು. ಆದರೆ ವಾಲೀಕಾರ ಎಂಬ ಹೆಸರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಮನೆತನಗಳಲ್ಲಿ ಅಡ್ಡಹೆಸರಾಗಿ ಉಳಿದಿದೆ. ಕಲಬುರಗಿ ನಾಡಿನ ಕವಿ ಚೆನ್ನಣ್ಣ ವಾಲೀಕಾರರ ಹೆಸರನ್ನು ಸಾಹಿತ್ಯಾಸಕ್ತರೆಲ್ಲ ಬಲ್ಲರು. ಇಂಗ್ಲಿಷಿನಲ್ಲಿ ಮನುಷ್ಯ ಅಳಿದು ಪೋಸ್ಟ್ ಉಳಿಯಿತು. ನಮ್ಮಲ್ಲಿ ಓಲೆ ಅಳಿದು ಮನುಷ್ಯನ ಹೆಸರು ಉಳಿಯಿತು. ಒಂದು ಕಾಲಕ್ಕೆ ಕೂಗಿ ಕರೆಯುವುದಕ್ಕಷ್ಟೇ ಇದ್ದ ಮಾತು ಈಗ ಪುಸ್ತಕದ ಮುಖಪುಟದ ಮೇಲೆ ಬಂದಿದೆ.

ನಮ್ಮೂರಿನ ಆ ವಾಲೀಕಾರರ ಸ್ವಂತ ಹೆಸರು ಏನಿತ್ತೆಂದು ಈಚೆಗೆ ಹಿರಿಯರನ್ನು ಕೇಳಿ ನೋಡಿದೆ. ‘ಅವನ ಹೆಸರಾ? ವಾಲೀಕಾರ ಅಂತನ ಅಂತಿದ್ದಿವಲ್ಲ’ ಎಂದರು. ನಾನೂ ಹಾಗೆಯೇ ಅನ್ನುತ್ತಿದ್ದೆ. ಎಷ್ಟು ವರ್ಷ ಅವರು ತಂದ ಕಾಗದಗಳನ್ನು ನಾನು ಓದಿದ್ದೇನೆ! ಒಂದು ಕಾಗದದಲ್ಲಿಯೂ ಅವರ ಹೆಸರು ಇರಲಿಲ್ಲ.